ಕೈಗೆ ತಾಳ್ಮೆ ಕಲಿಸಿದ ಕಲಾವಿದ: ಕೆ. ವೆಂಕಟಪ್ಪ

ರಜೆಯಲ್ಲಿ ಊರಿಗೆ ಹೋದಾಗ ನಮ್ಮಲ್ಲಿ ಅನೇಕರು ಮಕ್ಕಳನ್ನು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯುತ್ತೇವೆ. ಅದರ ಪಕ್ಕದಲ್ಲೇ ವೆಂಕಟಪ್ಪ ಚಿತ್ರಶಾಲೆ ಇದೆ. ಆ ಹೆಸರಿನ ಹಿಂದಿರುವ ಬದುಕನ್ನು ಈ ಸಂದರ್ಭದಲ್ಲಿ ನೆನೆಯುವುದು ಉಚಿತ.

ವೆಂಕಟಪ್ಪನವರು 1886ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಅವರದು ಅರಮನೆಯ ಚಿತ್ರಗಾರರ ಮನೆತನ. ಮೈಸೂರು ಶೈಲಿಯ ಚಿತ್ರವೆಂದರೆ ದಿನಗಟ್ಟಲೆ ನಡೆಯುವ ಕೆಲಸ. ಅಳಿಲಿನ ಕೂದಲಿನ ಕುಂಚದಿಂದ ಎಳೆಯೆಳೆಯಾಗಿ ಗೆರೆ ಎಳೆಯಬೇಕು, ಒಡವೆ ಮತ್ತು ಪ್ರಭಾವಳಿಯ ಭಾಗವನ್ನು ತುಸು ಉಬ್ಬಿಸಬೇಕು, ಅದರ ಮೇಲೆ ಚಿನ್ನದ ರೇಕು ಅಂಟಿಸಬೇಕು. ಹುಡುಗ ಬೆಳೆದದ್ದು ಈ ಕೆಲಸದ ನಡುವೆ. ಅವರ ಪ್ರತಿಭೆಯನ್ನು ಗುರುತಿಸಿದ ನಾಲ್ವಡಿ ಕೃಷ್ಣರಾಜ ಒಡೆಯರು ಹೆಚ್ಚಿನ ಕಲಿಕೆಗೆಂದು ಅವರನ್ನು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳಿಸಿದರು. ಅದು 1909.

ಅಲ್ಲಿ ಅವನೀಂದ್ರನಾಥ ಠಾಕೂರರು ಗುರುಗಳು; ನಂದಲಾಲ ಬೋಸರು ಸಹಪಾಠಿಗಳು. ಕಂಡದ್ದನ್ನು ಕಂಡಂತೆ ಬರೆಯುವುದಕ್ಕಿಂತ ಭಾವವನ್ನು ಹಿಡಿಯುವುದೇ ಮುಖ್ಯವೆಂದು ಆ ಶಾಲೆ ನಂಬಿತ್ತು. ಬಣ್ಣ ಹಚ್ಚಿದ ಕಾಗದವನ್ನು ನೀರಿನಲ್ಲಿ ಅದ್ದಿ, ಒಣಗಿಸಿ, ಮತ್ತೆ ಬಣ್ಣ ಹಚ್ಚುವ ವಿಧಾನವನ್ನು ವೆಂಕಟಪ್ಪನವರು ಅಲ್ಲಿ ಕಲಿತರು. ಆದರೆ ಮನೆಯಿಂದ ತಂದ ಖಚಿತ ಗೆರೆಯನ್ನು ಬಿಡಲಿಲ್ಲ. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣ ಕಥೆಗಳ ಪುಸ್ತಕ 1913ರಲ್ಲಿ ಹೊರಬಂದಾಗ ಅದರಲ್ಲಿ ಅವರ ರಾಮಾಯಣದ ಚಿತ್ರಗಳೂ ಇದ್ದವು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಮೈಸೂರಿಗೆ ಮರಳಿದ ಮೇಲೆ ಅವರ ಹಾದಿ ಬದಲಾಯಿತು. ದೇವತೆಗಳನ್ನು ಬರೆದ ಕೈ ಬೆಟ್ಟ, ಮೋಡ, ಕೆರೆಗಳತ್ತ ತಿರುಗಿತು. 1920 ಮತ್ತು 30ರ ದಶಕಗಳಲ್ಲಿ ಊಟಿ ಹಾಗೂ ಕೊಡೈಕೆನಾಲಿನಲ್ಲಿ ರಚಿಸಿದ ಜಲವರ್ಣ ಚಿತ್ರಗಳೇ ಇಂದು ಅವರ ಹೆಸರನ್ನು ಉಳಿಸಿವೆ. ಚಿತ್ರಗಳು ದೊಡ್ಡವಲ್ಲ. ಹತ್ತಿರ ನಿಂತು ನೋಡಿದರೆ ಮಾತ್ರ ಮಂಜಿನ ಒಂದೊಂದು ಪದರ, ಮರದ ತುದಿಗೆ ತಗುಲಿದ ಬೆಳಕು ಕಾಣುತ್ತದೆ. ಲಿಮುರುವಿನ ಚಹಾ ತೋಟಗಳ ಮೇಲೆ ಬೆಳಗಿನ ಮಂಜು ಸರಿಯುವುದನ್ನು ಕಂಡಿರುವ ನಮ್ಮ ಮಕ್ಕಳಿಗೆ ಆ ಚಿತ್ರಗಳು ಅಪರಿಚಿತ ಎನಿಸಲಾರವು.

ಚಿತ್ರದಷ್ಟೇ ನಿಷ್ಠೆಯಿಂದ ಅವರು ವೀಣೆಯನ್ನೂ ಕಲಿತರು. ಗುರುಗಳು ವೈಣಿಕ ಶಿಖಾಮಣಿ ವೀಣೆ ಶೇಷಣ್ಣನವರು. ಆ ಗೀಳನ್ನೇ ವಸ್ತುವಾಗಿಸಿಕೊಂಡು ವೀಣೆಯ ಹುಚ್ಚನ್ನು ಕುರಿತ ಒಂದು ಕೃತಿಯನ್ನೂ ರಚಿಸಿದರು. ಮದುವೆಯಾಗಲಿಲ್ಲ, ಸಾಧನೆಯೇ ಸಂಸಾರವಾಯಿತು. ಶಕುಂತಲೆ ಕಣ್ವಾಶ್ರಮದಿಂದ ಹೊರಡುವ ದೃಶ್ಯ ಅವರು ಪ್ಲಾಸ್ಟರಿನಲ್ಲಿ ಮಾಡಿದ ಉಬ್ಬುಶಿಲ್ಪಗಳಲ್ಲಿ ಒಂದು.

ಇಂಥ ಕೈಗೂ ಕಷ್ಟ ತಪ್ಪಲಿಲ್ಲ. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಆಸರೆ ತಪ್ಪಿತು. ಅರಮನೆಗಾಗಿ ಮಾಡಿದ ಕೆಲಸದ ಸಂಭಾವನೆಯ ವಿಷಯ ನ್ಯಾಯಾಲಯದವರೆಗೂ ಹೋಯಿತು. ವರ್ಷಗಟ್ಟಲೆ ತಿದ್ದಿ ತೀಡಿದ ಕೆಲಸಕ್ಕೆ ಬೆಲೆ ಕಟ್ಟುವುದು ಹೇಗೆ? ದಿನಗೂಲಿಯ ಲೆಕ್ಕವೋ, ಕಲೆಯ ಲೆಕ್ಕವೋ? ಆ ಪ್ರಶ್ನೆ ಇಂದಿಗೂ ಹಳೆಯದಾಗಿಲ್ಲ. ವೆಂಕಟಪ್ಪನವರು ಬೆಂಗಳೂರಿಗೆ ಬಂದು ನೆಲೆಸಿ, 1965ರಲ್ಲಿ ಅಲ್ಲಿಯೇ ಕಣ್ಮುಚ್ಚಿದರು. ಅವರ ಕೃತಿಗಳು ನಾಡಿನ ಆಸ್ತಿಯಾದವು. ಅವುಗಳಿಗಾಗಿ ಚಿತ್ರಶಾಲೆ ಎದ್ದಿತು.

ಅವರ ಬದುಕನ್ನು ಇಲ್ಲಿ, ಹೈರಿಡ್ಜ್‌ನಲ್ಲಿ, ನೆನೆಯಲು ಕಾರಣವಿದೆ. ಮೊಬೈಲು ಒತ್ತಿದರೆ ಬೆಟ್ಟದ ಚಿತ್ರ ಕ್ಷಣದಲ್ಲಿ ಸಿಗುತ್ತದೆ. ಫೋಟೋವನ್ನು ಕ್ಯಾನ್ವಾಸಿನ ಮೇಲೆ ಮೂಡಿಸಿಕೊಂಡು ಅದರ ಮೇಲೆಯೇ ಗೆರೆ ಎಳೆಯುವ ಕಲಾವಿದರೂ ಇದ್ದಾರೆ. ಹಾಗಿರುವಾಗ ಕೈ ಪಳಗಿಸುವ ಶ್ರಮವೇಕೆ ಎಂದು ಮಕ್ಕಳು ಕೇಳಿದರೆ ತಪ್ಪೇನಿಲ್ಲ. ಭಾವ ಮುಖ್ಯ, ಕೌಶಲ ಆಮೇಲೆ ಎನ್ನುವವರೂ ಇದ್ದಾರೆ. ಆ ಮಾತು ಪ್ರಬಲವಾಗಿದ್ದ ಶಾಲೆಯಲ್ಲೇ ವೆಂಕಟಪ್ಪನವರು ಓದಿದರು ಎಂಬುದು ಗಮನಾರ್ಹ. ಅವರ ಊಟಿಯ ಮೋಡದಲ್ಲಿ ಭಾವವಿದೆ. ಆದರೆ ಅದು ನಮ್ಮವರೆಗೆ ತಲುಪಿದ್ದು ಪಳಗಿದ ಕೈಯ ಮೂಲಕ. ಬರೆಯಲು ಹೊರಟಾಗಲೇ ಕಣ್ಣು ನಿಜವಾಗಿ ನೋಡಲು ಕಲಿಯುತ್ತದೆ. ಅದನ್ನು ಯಂತ್ರ ನಮ್ಮ ಪರವಾಗಿ ಕಲಿಯಲಾರದು.

ವಾರಕ್ಕೊಮ್ಮೆ ಕೂತು ಒತ್ತಕ್ಷರಗಳನ್ನು ತಿದ್ದುವ ಮಗುವಿಗೂ ಇದೇ ಮಾತು ಸಲ್ಲುತ್ತದೆ. ಕೀಲಿಮಣೆಯಲ್ಲಿ ಕನ್ನಡ ಮೂಡಿಸುವುದು ಸುಲಭ. ಆದರೂ ನಮ್ಮ ಶಿಕ್ಷಕರು ಕೋಪಿ ಬರೆಸುತ್ತಾರೆ, ಪೋಷಕರು ವಾರಾಂತ್ಯದ ಬೆಳಗನ್ನು ಬಿಟ್ಟುಕೊಡುತ್ತಾರೆ. ಈ ವರ್ಷ ಪದವಿ ಪಡೆಯುತ್ತಿರುವ ಮಕ್ಕಳ ಅಕ್ಷರ ಇನ್ನೂ ಅಂಕುಡೊಂಕಾಗಿರಬಹುದು. ಅದು ಅವರದೇ ಕೈಯ ಅಕ್ಷರ. ಮುಂದಿನ ರಜೆಯಲ್ಲಿ ಆ ಚಿತ್ರಶಾಲೆಗೆ ಕರೆದೊಯ್ದು, ಒಂದೇ ಒಂದು ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಿಸಿ. ತಿದ್ದಿ ತಿದ್ದಿ ಬರೆದದ್ದು ಏನಾಗಬಲ್ಲದು ಎಂಬುದನ್ನು ಅವರೇ ನೋಡಲಿ.