ಅಣ್ಣನ ಹೆಸರಿನ ಸೇತುವೆ

ಮೂರನೇ ಸೆಮಿಸ್ಟರ್‌ನಲ್ಲಿ ನನಗೆ ಒಂದು ಸಬ್ಜೆಕ್ಟ್ ಹೋಯಿತು. ಸಿವಿಲ್ ಓದುವವನಿಗೆ ತಳಪಾಯದಂಥ ‘ಸ್ಟ್ರೆಂತ್ ಆಫ್ ಮೆಟೀರಿಯಲ್ಸ್’ನಲ್ಲೇ ಬ್ಯಾಕ್! ಬನಶಂಕರಿಯ ಮನೆಯಲ್ಲಿ ಅಪ್ಪ ಬೈಯಲಿಲ್ಲ, ಅದೇ ಹೆಚ್ಚು ನೋವಾಗಿದ್ದು. ಆ ಭಾನುವಾರ ಗೆಳೆಯನ ಬೈಕ್ ಹತ್ತಿ ಶ್ರೀರಂಗಪಟ್ಟಣಕ್ಕೆ ಹೊರಟುಬಿಟ್ಟೆ.

ಅಲ್ಲಿ ಕಾವೇರಿಗೆ ಅಡ್ಡಲಾಗಿ, ಕಮಾನುಗಳಿಲ್ಲದೆ ಕಲ್ಲುಕಂಬಗಳ ಮೇಲೆಯೇ ನಿಂತ ಹಳೆಯ ಸೇತುವೆಯಿದೆ. ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ್ದು. ಹೆಸರು ವೆಲ್ಲೆಸ್ಲಿ ಸೇತುವೆ. ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿಯ ಹೆಸರಿರಬೇಕು ಎಂದುಕೊಂಡಿದ್ದೆ. ಅದು ಆತನ ಅಣ್ಣನ ಹೆಸರು ಎಂದು ಆಮೇಲೆ ತಿಳಿಯಿತು. ತಮ್ಮನ ಕಥೆ ಓದತೊಡಗಿದ್ದು ಹಾಗೆ.

ಆರ್ಥರ್ ಹುಟ್ಟಿದ್ದು 1769ರಲ್ಲಿ, ಐರ್ಲೆಂಡಿನ ಡಬ್ಲಿನ್‌ನಲ್ಲಿ. ಹನ್ನೆರಡನೇ ವಯಸ್ಸಿಗೆ ತಂದೆ ತೀರಿಕೊಂಡರು. ಶಾಲೆಯಲ್ಲಿ ಹುಡುಗ ಹಿಂದೆ ಬಿದ್ದ. ಚೆನ್ನಾಗಿ ಬರುತ್ತಿದ್ದದ್ದು ಪಿಟೀಲು ಮಾತ್ರ. ಇವನು ಬೇರೇನಕ್ಕೂ ಆಗುವವನಲ್ಲ ಎಂದು ಮನೆಯವರು ಸೈನ್ಯಕ್ಕೆ ಸೇರಿಸಿದರು. ಮೆಚ್ಚಿದ ಹುಡುಗಿಯನ್ನು ಆಕೆಯ ಮನೆಯವರು ಕೊಡಲಿಲ್ಲ. 1793ರಲ್ಲಿ ಆತ ಪಿಟೀಲುಗಳನ್ನೇ ಸುಟ್ಟುಹಾಕಿದ. ಆ ಕಾಲದಲ್ಲಿ ಸೈನ್ಯದ ಹುದ್ದೆಗಳನ್ನು ದುಡ್ಡು ಕೊಟ್ಟು ಕೊಳ್ಳಬಹುದಿತ್ತು. ಅಣ್ಣ ರಿಚರ್ಡ್ ಸಾಲ ಕೊಟ್ಟ, ತಮ್ಮ 33ನೇ ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲ್ ಆದ. 1797ರಲ್ಲಿ ಕಲ್ಕತ್ತೆಗೆ ಬಂದಿಳಿದ. ಮರುವರ್ಷ ಅದೇ ಅಣ್ಣ ಗವರ್ನರ್ ಜನರಲ್ ಆಗಿ ಬಂದ!

1799ರ ಏಪ್ರಿಲ್ 5ರ ರಾತ್ರಿ. ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನಪೇಟೆ ತೋಪಿನಿಂದ ಟಿಪ್ಪುವಿನ ಸೈನಿಕರನ್ನು ಓಡಿಸುವ ಕೆಲಸ ಆರ್ಥರ್ ಪಾಲಿಗೆ ಬಂತು. ಹಗಲಲ್ಲಿ ಜಾಗ ಸರಿಯಾಗಿ ನೋಡಿರಲಿಲ್ಲ. ಕತ್ತಲು, ಮರಗಳು, ಕಾಲುವೆ, ಮೇಲಿಂದ ಮೈಸೂರಿನ ರಾಕೆಟ್‌ಗಳು. ಸೈನಿಕರು ಚೆದುರಿದರು. ಮೊಣಕಾಲಿಗೆ ಪೆಟ್ಟು ತಿಂದ ಆತ ದಾರಿ ತಪ್ಪಿ, ಕೊನೆಗೆ ಜನರಲ್ ಹ್ಯಾರಿಸ್ ಮುಂದೆ ಹೋಗಿ ಸೋತೆನೆಂದು ಒಪ್ಪಿಕೊಂಡ. ಸೆರೆಸಿಕ್ಕ ಆತನ ಕೆಲವು ಸೈನಿಕರು ಜೀವಂತ ಮರಳಲಿಲ್ಲ.

ಮರುದಿನ ಬೆಳಿಗ್ಗೆ ಅದೇ ತೋಪಿಗೆ ಮತ್ತೆ ಆತನನ್ನೇ ಕಳಿಸಿದರು. ಹಗಲ ಬೆಳಕಿನಲ್ಲಿ ಹೆಚ್ಚು ಕಷ್ಟವಿಲ್ಲದೆ ತೋಪು ಕೈಗೆ ಬಂತು. ಮುಂಚೆ ನೋಡಿರದ ನೆಲಕ್ಕೆ ರಾತ್ರಿ ನುಗ್ಗಬಾರದು ಎಂಬ ಪಾಠವನ್ನು ಆತ ಗಟ್ಟಿಯಾಗಿ ಹಿಡಿದುಕೊಂಡ. ಇಲ್ಲಿಯವರೆಗೆ ಓದಿದಾಗ ನನಗೆ ಖುಷಿಯಾಗಿತ್ತು. ಫೇಲಾದವನೂ ಗೆಲ್ಲಬಹುದಲ್ಲ!

ಆದರೆ ಕಥೆಯಲ್ಲಿ ಡೇವಿಡ್ ಬೇರ್ಡ್ ಎಂಬ ಇನ್ನೊಬ್ಬನಿದ್ದಾನೆ. ಶ್ರೀರಂಗಪಟ್ಟಣದ ಸೆರೆಯಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಕಳೆದವನು. ಮೇ 4ರಂದು ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಅವನೇ. ಆರ್ಥರ್ ಅಂದು ಹಿಂದಿನ ಮೀಸಲು ಪಡೆಯಲ್ಲಿದ್ದ. ಟಿಪ್ಪು ಸತ್ತು ಪಟ್ಟಣ ಬಿದ್ದ ಮೇಲೆ ಅದರ ಅಧಿಕಾರ ಸಿಕ್ಕಿದ್ದು ಮಾತ್ರ ಆರ್ಥರ್‌ಗೆ. ದರಿಯಾ ದೌಲತ್ ಆತನ ಮನೆಯಾಯಿತು. ಬೇರ್ಡ್ ದೂರಿಕೊಂಡ, ಪ್ರಯೋಜನವಾಗಲಿಲ್ಲ. ಗವರ್ನರ್ ಜನರಲ್ ಬೇರ್ಡ್‌ನ ಅಣ್ಣನಾಗಿರಲಿಲ್ಲ.

ಹಾಗೆಂದು ಆರ್ಥರ್ ಬರೀ ಅಣ್ಣನ ತಮ್ಮನೂ ಅಲ್ಲ. ಲೂಟಿ ಮಾಡುತ್ತಿದ್ದ ತನ್ನ ಕಡೆಯ ಸೈನಿಕರನ್ನೇ ಗಲ್ಲಿಗೇರಿಸಿ ಪಟ್ಟಣವನ್ನು ಹತೋಟಿಗೆ ತಂದ. ದಂಡು ನಡೆಯುವುದು ಹೊಟ್ಟೆಯ ಮೇಲೆ ಎಂಬುದನ್ನು ಇಲ್ಲಿ ಕಲಿತ. ಅಕ್ಕಿ, ಮೇವು, ಎತ್ತುಗಳ ಲೆಕ್ಕವನ್ನು ತಾನೇ ನೋಡುತ್ತಿದ್ದ. ನಮ್ಮ ಅಮೃತಮಹಲ್ ಎತ್ತುಗಳನ್ನು ತುಂಬಾ ನೆಚ್ಚಿಕೊಂಡಿದ್ದ. ಚನ್ನಗಿರಿಯ ಧೋಂಡಿಯಾ ವಾಘ್, ಟಿಪ್ಪುವಿನ ಸೆರೆಯಿಂದ ಹೊರಬಂದು ದಂಡು ಕಟ್ಟಿದಾಗ, ತುಂಗಭದ್ರೆ, ಮಲಪ್ರಭೆ ದಾಟಿ ಬೆನ್ನಟ್ಟಿದ. 1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋನಗಲ್‌ನಲ್ಲಿ ನಾಲ್ಕು ಕುದುರೆ ರೆಜಿಮೆಂಟುಗಳೊಂದಿಗೆ ತಾನೇ ಮುನ್ನುಗ್ಗಿದ. ಧೋಂಡಿಯಾ ಸತ್ತ. ಸಾಮಾನುಗಳ ನಡುವೆ ಸಿಕ್ಕ ಅವನ ಪುಟ್ಟ ಮಗ ಸಲಾಬತ್ ಖಾನ್‌ನನ್ನು ಆರ್ಥರ್ ಸಾಕಿದ. 1805ರಲ್ಲಿ ಭಾರತ ಬಿಡುವಾಗ ಅವನ ಖರ್ಚಿಗೆ ಹಣವನ್ನೂ ಇಟ್ಟುಹೋದ. ಅಪ್ಪನನ್ನು ಕೊಂದವನೇ ಮಗನನ್ನು ಸಾಕಿದ್ದನ್ನು ಕರುಣೆ ಎನ್ನಬೇಕೋ ಏನೆನ್ನಬೇಕೋ ನನಗೆ ಗೊತ್ತಾಗಲಿಲ್ಲ.

ನಂತರದ್ದು ಎಲ್ಲರಿಗೂ ಗೊತ್ತು. 1815ರಲ್ಲಿ ವಾಟರ್ಲೂ, 1828ರಲ್ಲಿ ಬ್ರಿಟನ್ನಿನ ಪ್ರಧಾನಿ ಪಟ್ಟ, 1852ರಲ್ಲಿ ಸಾವು.

ನನ್ನ ಕ್ಲಾಸಿನಲ್ಲಿ ಈಗ ಎಲ್ಲರ ಬಾಯಲ್ಲೂ ರೆಫರಲ್‌ನದೇ ಮಾತು. ಯಾರ ಮಾವ ಯಾವ ಕಂಪನಿಯಲ್ಲಿದ್ದಾರೆ, ಯಾರ ಅಕ್ಕ ಎಲ್ಲಿ ಮ್ಯಾನೇಜರ್ ಎಂಬ ಲೆಕ್ಕ. ನನಗೆ ಅಂಥ ಅಣ್ಣ ಇಲ್ಲ. ಮೊದಮೊದಲು ಬೇರ್ಡ್‌ನನ್ನು ನೆನೆದು ಸಿಟ್ಟು ಬರುತ್ತಿತ್ತು. ಈಗ ಅನ್ನಿಸುತ್ತದೆ, ಎರಡನೇ ಬೆಳಗು ಆರ್ಥರ್‌ಗೆ ಸಿಕ್ಕಿದ್ದರಲ್ಲಿ ಅಣ್ಣನ ಪಾಲು ಇದ್ದಿರಬಹುದು. ಆದರೆ ಹಿಂದಿನ ರಾತ್ರಿಯ ತಪ್ಪನ್ನು ಮರೆಯದೇ ಇದ್ದದ್ದು ಆತನದೇ ಕೆಲಸ. ಅಷ್ಟನ್ನು ಯಾರ ಶಿಫಾರಸೂ ಇಲ್ಲದೆ ನಾನೂ ಮಾಡಬಹುದು.

ಆ ಪೇಪರ್ ಮತ್ತೆ ಬರೆದೆ, ಪಾಸಾಯಿತು. ಈ ಸಲ ಪರೀಕ್ಷೆಯ ಹಿಂದಿನ ರಾತ್ರಿ ಮೊದಲ ಬಾರಿಗೆ ಪುಸ್ತಕ ತೆರೆಯಲಿಲ್ಲ. ನೆಲವನ್ನು ಹಗಲಲ್ಲೇ ನೋಡಿಟ್ಟುಕೊಂಡಿದ್ದೆ.