ಬಿಡುಗಡೆಯ ಅಕ್ಷರ

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಆಫ್ರಿಕ ಮೂಲದ ಜನರನ್ನು ದನಕರುಗಳಂತೆ ಕೊಂಡು ಮಾರುತ್ತಿದ್ದರು. ಅಂತಹ ಗುಲಾಮ ತಾಯಿಯೊಬ್ಬಳ ಮಗನಾಗಿ ಫ್ರೆಡರಿಕ್ ಡಗ್ಲಾಸನು 1818ರಲ್ಲಿ ಮೇರಿಲ್ಯಾಂಡ್ ಸಂಸ್ಥಾನದಲ್ಲಿ ಹುಟ್ಟಿದನು. ತಾನು ಹುಟ್ಟಿದ ದಿನ ಯಾವುದೆಂಬುದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಹನ್ನೆರಡು ಮೈಲಿ ದೂರದ ಹೊಲದಲ್ಲಿ ದುಡಿಯುತ್ತಿದ್ದ ತಾಯಿ ಹ್ಯಾರಿಯೆಟ್, ಹಗಲಿನ ಕೆಲಸ ಮುಗಿಸಿ ರಾತ್ರಿ ನಡೆದು ಬಂದು, ಮಗನನ್ನು ಮಗ್ಗುಲಲ್ಲಿ ಮಲಗಿಸಿಕೊಂಡು, ಅವನು ಏಳುವ ಮೊದಲೇ ಹಿಂದಿರುಗುತ್ತಿದ್ದಳು. ಅವನು ಏಳು ವರ್ಷದವನಾಗುವ ಹೊತ್ತಿಗೆ ಆ ತಾಯಿಯೂ ತೀರಿಕೊಂಡಳು.

ಎಂಟು ವರ್ಷದ ಬಾಲಕನನ್ನು ಬಾಲ್ಟಿಮೋರ್ ನಗರದ ಹ್ಯೂ ಆಲ್ಡ್ ಎಂಬವನ ಮನೆಗೆ ಊಳಿಗಕ್ಕೆ ಕಳುಹಿಸಿದರು. ಮನೆಯೊಡತಿ ಸೋಫಿಯಾ ಮೊದಮೊದಲು ಕರುಣೆಯುಳ್ಳವಳಾಗಿದ್ದಳು. ಅವಳು ಅವನಿಗೆ ಅಕ್ಷರಮಾಲೆಯನ್ನೂ ಸಣ್ಣ ಸಣ್ಣ ಪದಗಳನ್ನೂ ಕಲಿಸತೊಡಗಿದಳು. ಇದನ್ನರಿತ ಯಜಮಾನನು ಕೆರಳಿ, ಓದು ಕಲಿತವನು ಗುಲಾಮನಾಗಿ ಉಳಿಯಲಾರನೆಂದು ಹೆಂಡತಿಯನ್ನು ಎಚ್ಚರಿಸಿ ಪಾಠವನ್ನು ನಿಲ್ಲಿಸಿದನು. ಕೇಳುತ್ತಿದ್ದ ಬಾಲಕನಿಗೆ ಆ ಮಾತೇ ದಾರಿದೀಪವಾಯಿತು. ಒಡೆಯನು ಯಾವುದಕ್ಕೆ ಅಂಜುವನೋ ಅದೇ ತನ್ನ ಬಿಡುಗಡೆಯ ಹಾದಿಯೆಂದು ಅವನು ನಿಶ್ಚಯಿಸಿದನು. ಕಾಲಕ್ರಮದಲ್ಲಿ ಸೋಫಿಯಾಳ ಮನಸ್ಸೂ ಕಲ್ಲಾಯಿತು. ಅವನ ಕೈಯಲ್ಲಿ ಪತ್ರಿಕೆ ಕಂಡರೆ ಅವಳು ಧಾವಿಸಿ ಬಂದು ಕಸಿದುಕೊಳ್ಳುತ್ತಿದ್ದಳು. ಗುಲಾಮಗಿರಿಯು ಗುಲಾಮನನ್ನು ಮಾತ್ರವಲ್ಲ, ಒಡೆಯನನ್ನೂ ಕೆಡಿಸುತ್ತದೆ.

ಅಂದಿನಿಂದ ಬೀದಿಯೇ ಅವನ ಶಾಲೆಯಾಯಿತು. ಹಸಿದ ಬಡ ಬಿಳಿಯ ಹುಡುಗರಿಗೆ ರೊಟ್ಟಿಯನ್ನು ಕೊಟ್ಟು ಅವರಿಂದ ಪಾಠ ಹೇಳಿಸಿಕೊಂಡನು. ಹಡಗು ಕಟ್ಟುವ ಸ್ಥಳದಲ್ಲಿ ಬಡಗಿಗಳು ಮರದ ತುಂಡುಗಳ ಮೇಲೆ ಗುರುತಿಗಾಗಿ ಬರೆಯುತ್ತಿದ್ದ ಅಕ್ಷರಗಳನ್ನು ನೋಡಿ ಬರವಣಿಗೆ ಕಲಿತನು. ಬೇಲಿ, ಗೋಡೆ, ಕಲ್ಲುಹಾಸುಗಳೇ ಅವನ ಹಲಗೆ. ಸೀಮೆಸುಣ್ಣದ ತುಂಡೇ ಬಳಪ. ಒಡೆಯನ ಮಗನು ಬರೆದು ಮುಗಿಸಿದ ಕಾಪಿ ಪುಸ್ತಕಗಳ ಖಾಲಿ ಜಾಗದಲ್ಲಿ ಅದೇ ಬರಹವನ್ನು ತಿದ್ದಿ ತಿದ್ದಿ ಕೈ ಕುದುರಿಸಿಕೊಂಡನು.

ಓದು ಅವನಿಗೆ ಸುಖವನ್ನಷ್ಟೇ ತರಲಿಲ್ಲ. ತನ್ನ ದುಃಸ್ಥಿತಿಯ ಆಳವನ್ನು ಅದು ತೋರಿಸಿತು. ಪಾರಾಗುವ ದಾರಿಯನ್ನು ಮಾತ್ರ ಒಮ್ಮೆಗೇ ತೋರಿಸಲಿಲ್ಲ. ಏನೂ ಅರಿಯದ ಜೊತೆಗಾರರನ್ನು ಕಂಡು ಅಸೂಯೆಪಟ್ಟ ದಿನಗಳೂ ಇದ್ದವು. ಆದರೂ ಅವನು ಕಲಿತದ್ದನ್ನು ತನ್ನಲ್ಲೇ ಇರಿಸಿಕೊಳ್ಳಲಿಲ್ಲ. ಮುಂದೆ ಹಳ್ಳಿಯ ಜಮೀನೊಂದರಲ್ಲಿ ದುಡಿಯುವಾಗ, ಚಾವಟಿಯೇಟಿಗೂ ಹೆದರದೆ ಭಾನುವಾರಗಳಂದು ಗುಟ್ಟಾಗಿ ಶಾಲೆ ನಡೆಸಿ, ನಲವತ್ತಕ್ಕೂ ಹೆಚ್ಚು ಮಂದಿ ಗುಲಾಮರಿಗೆ ಓದು ಕಲಿಸಿದನು. 1836ರಲ್ಲಿ ತಾನೇ ರಹದಾರಿ ಪತ್ರಗಳನ್ನು ಬರೆದು ಸಂಗಡಿಗರೊಡನೆ ಪಲಾಯನಕ್ಕೆ ಹವಣಿಸಿ ಸೆರೆಮನೆ ಸೇರಿದನು.

1838ರ ಸೆಪ್ಟೆಂಬರ್ 3ರಂದು ನಾವಿಕನ ವೇಷದಲ್ಲಿ ರೈಲುಗಾಡಿಯನ್ನೇರಿ ಉತ್ತರಕ್ಕೆ ಪಾರಾದನು. 1845ರಲ್ಲಿ ಅವನ ಆತ್ಮಕಥೆ ಹೊರಬಂದು, ಗುಲಾಮಗಿರಿಯ ಕ್ರೌರ್ಯವನ್ನು ಜಗತ್ತಿಗೆ ತೋರಿಸಿತು. ಹಳೆಯ ಒಡೆಯನಿಗೆ ತನ್ನ ಸುಳಿವು ಸಿಕ್ಕೀತೆಂದು ಅವನು ಬ್ರಿಟನ್ನಿಗೆ ಹೋಗಬೇಕಾಯಿತು. ಅಲ್ಲಿನ ಸ್ನೇಹಿತರು ಹಣ ಕೂಡಿಸಿ 1846ರಲ್ಲಿ ಅವನ ಸ್ವಾತಂತ್ರ್ಯವನ್ನು ಕೊಂಡುಕೊಟ್ಟರು. ಮರುವರ್ಷ ಅವನು ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರ್ ನಗರದಲ್ಲಿ ಧ್ರುವತಾರೆಯ ಹೆಸರಿನ ಪತ್ರಿಕೆಯನ್ನು ಹೊರಡಿಸಿದನು. 1865ರಲ್ಲಿ ಅಮೆರಿಕದ ಸಂವಿಧಾನವು ಗುಲಾಮಗಿರಿಯನ್ನು ರದ್ದುಗೊಳಿಸಿತು. ಅದನ್ನು ಕಣ್ಣಾರೆ ಕಂಡ ಡಗ್ಲಾಸನು 1895ರಲ್ಲಿ ನಿಧನಹೊಂದಿದನು.

ತನ್ನ ತಾಯಿಯೂ ಓದಬಲ್ಲವಳಾಗಿದ್ದಳೆಂಬ ಸಂಗತಿ ಆಕೆ ಸತ್ತ ಬಳಿಕ ಅವನಿಗೆ ತಿಳಿದುಬಂದಿತ್ತು. ಹೊಲದಲ್ಲಿ ದುಡಿಯುವ ಗುಲಾಮ ಹೆಂಗಸು ಅದನ್ನು ಹೇಗೆ ಕಲಿತಳೆಂಬುದು ಮಾತ್ರ ತಿಳಿಯಲಿಲ್ಲ. ತನ್ನ ಅಕ್ಷರಪ್ರೇಮವು ಆ ತಾಯಿಯಿಂದಲೇ ಬಂದುದೆಂದು ಅವನು ಕೊನೆಯವರೆಗೂ ಹೆಮ್ಮೆಪಟ್ಟನು.