ದೊರೆಯ ಕೊನೆಯ ಪ್ರತಿನಿಧಿ: ರಾಜಾಜಿ ಕೂತ ಕುರ್ಚಿ, ನಮ್ಮ ರಾಜಭವನದ ತಕರಾರು

2018ರ ಮೇ ತಿಂಗಳು. ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಸಿಗುವ ಹಗರೆಯ ಟೀ ಅಂಗಡಿ ಮುಂದೆ ಒಂದು ಮೊಬೈಲ್ ಸುತ್ತ ಏಳೆಂಟು ತಲೆಗಳು. ಐಪಿಎಲ್ ಅಲ್ಲ, ಬೆಂಗಳೂರಿನ ರಾಜಭವನದ ಗೇಟು ತೋರಿಸ್ತಾ ಇದ್ರು. ಯಾರಿಗೂ ಬಹುಮತ ಬಂದಿರಲಿಲ್ಲ. 104 ಸ್ಥಾನ ಗೆದ್ದ ಬಿಜೆಪಿಯನ್ನು ಕರೆಯಬೇಕಾ, ಫಲಿತಾಂಶದ ದಿನವೇ ಕೈ ಜೋಡಿಸಿದ ಕಾಂಗ್ರೆಸ್ ಮತ್ತು ಜೆಡಿಎಸ್ ಕೂಟವನ್ನು ಕರೆಯಬೇಕಾ ಅನ್ನೋದನ್ನ ಒಬ್ಬರೇ ಒಬ್ಬರು ತೀರ್ಮಾನ ಮಾಡಬೇಕಿತ್ತು. ಗುಂಪಿನಲ್ಲಿದ್ದ ಹಿರಿಯರೊಬ್ಬರು ಒಂದು ಸರಳ ಪ್ರಶ್ನೆ ಕೇಳಿದರು. ಈ ರಾಜ್ಯಪಾಲರಿಗೆ ನಾವ್ಯಾರೂ ಓಟು ಹಾಕಿಲ್ಲವಲ್ಲ, ಹಂಗಾದ್ರೆ ಇವರು ಯಾರ ಪರವಾಗಿ ಕೂತಿದ್ದಾರೆ ಅಂತ.

ಆವತ್ತು ಯಾರ ಹತ್ತಿರವೂ ಉತ್ತರ ಇರಲಿಲ್ಲ. ಆಮೇಲೆ ಉತ್ತರ ಹುಡುಕಿದಾಗ ನನಗೆ ಸಂವಿಧಾನದ ಪುಸ್ತಕಕ್ಕಿಂತ ಹೆಚ್ಚು ಸಹಾಯ ಮಾಡಿದ್ದು ಒಬ್ಬ ಮನುಷ್ಯನ ಬದುಕು. ಅವರು ಚಕ್ರವರ್ತಿ ರಾಜಗೋಪಾಲಾಚಾರಿ, ಅಂದರೆ ರಾಜಾಜಿ. ಭಾರತದಲ್ಲಿ ಬ್ರಿಟಿಷ್ ದೊರೆಯ ಕೊನೆಯ ಪ್ರತಿನಿಧಿ. ಆ ಹುದ್ದೆಯಲ್ಲಿ ಕೂತ ಒಬ್ಬನೇ ಭಾರತೀಯ. ಗವರ್ನರ್ ಅನ್ನೋ ಕುರ್ಚಿಯನ್ನು ಮೂರೂ ಕಡೆಯಿಂದ ನೋಡಿದವರು ಅವರು: ಅದರ ಕೆಳಗೆ ನಿಂತು, ಅದರ ಮೇಲೆ ಕೂತು, ಕೊನೆಗೆ ಅದರ ಕೃಪೆ ಪಡೆದು.

ಗವರ್ನರ್ ಕೆಳಗೆ

ರಾಜಾಜಿ ಹುಟ್ಟಿದ್ದು 1878ರ ಡಿಸೆಂಬರ್ 10ರಂದು, ಹೊಸೂರು ಹತ್ತಿರದ ತೊರಪಳ್ಳಿಯಲ್ಲಿ. ಆಗ ಅದು ಸೇಲಂ ಜಿಲ್ಲೆ, ಈಗ ಕೃಷ್ಣಗಿರಿ. ಬೆಂಗಳೂರಿನಿಂದ ಬೈಕಲ್ಲಿ ಹೋಗಿಬರುವಷ್ಟು ದೂರ. ಹೊಸೂರಿನಲ್ಲಿ ಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ, ಮದ್ರಾಸಿನಲ್ಲಿ ಕಾನೂನು, ಆಮೇಲೆ ಸೇಲಂನಲ್ಲಿ ವಕೀಲಿಕೆ. ಗಾಂಧೀಜಿಯ ಕರೆಗೆ ವಕೀಲಿಕೆ ಬಿಟ್ಟು ಜೈಲಿಗೆ ಹೋದರು. 1930ರಲ್ಲಿ ತಿರುಚಿರಾಪಳ್ಳಿಯಿಂದ ವೇದಾರಣ್ಯಂ ಕಡಲತೀರಕ್ಕೆ ಉಪ್ಪಿನ ಯಾತ್ರೆ ನಡೆಸಿದರು. ಮಗಳು ಲಕ್ಷ್ಮಿ ಮದುವೆಯಾದದ್ದು ಗಾಂಧಿಯವರ ಮಗ ದೇವದಾಸರನ್ನು. ಇದೆಲ್ಲ ಪಠ್ಯಪುಸ್ತಕದಲ್ಲಿ ಸಿಗುತ್ತೆ. ನಮಗೆ ಬೇಕಾದ ಕತೆ 1937ರಿಂದ ಶುರು.

1935ರ ಭಾರತ ಸರ್ಕಾರ ಕಾಯ್ದೆ ಪ್ರಾಂತ್ಯಗಳಿಗೆ ಚುನಾಯಿತ ಸರ್ಕಾರ ಕೊಟ್ಟಿತು. ಆದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದುಕೊಂಡಿತ್ತು. ಗವರ್ನರ್‌ಗೆ ವಿಶೇಷ ಜವಾಬ್ದಾರಿಗಳು, ವಿವೇಚನಾಧಿಕಾರ. ಎಲ್ಲಕ್ಕಿಂತ ಮೇಲೆ 93ನೇ ಸೆಕ್ಷನ್: ಆಡಳಿತ ನಡೆಸೋಕೆ ಆಗ್ತಿಲ್ಲ ಅಂತ ಗವರ್ನರ್‌ಗೆ ಅನ್ನಿಸಿದರೆ ಇಡೀ ಪ್ರಾಂತ್ಯವನ್ನು ತನ್ನ ಕೈಗೆ ತಗೋಬಹುದು. ನಾನು ಎಂಜಿನಿಯರಿಂಗ್ ಓದಿದವನು, ಹಾಗಾಗಿ ಹೀಗೆ ಹೇಳ್ತೀನಿ: ಬಳಕೆದಾರರಿಗೆ ಲಾಗಿನ್ ಕೊಟ್ಟು, ಅಡ್ಮಿನ್ ಪಾಸ್‌ವರ್ಡ್ ಮಾತ್ರ ಲಂಡನ್ನಿನಲ್ಲಿಟ್ಟ ವ್ಯವಸ್ಥೆ ಅದು.

1937ರ ಚುನಾವಣೆಯಲ್ಲಿ ಮದ್ರಾಸ್ ವಿಧಾನಸಭೆಯ 215 ಸ್ಥಾನಗಳಲ್ಲಿ ಕಾಂಗ್ರೆಸ್ 159 ಗೆದ್ದಿತು. ಇಷ್ಟು ದೊಡ್ಡ ಬಹುಮತ ಇದ್ದರೂ ಕಾಂಗ್ರೆಸ್ ತಕ್ಷಣ ಅಧಿಕಾರಕ್ಕೆ ಬರಲಿಲ್ಲ. ದಿನನಿತ್ಯದ ಆಡಳಿತದಲ್ಲಿ ಗವರ್ನರ್ ಮೂಗು ತೂರಿಸುವುದಿಲ್ಲ ಅನ್ನೋ ಭರವಸೆ ಸಿಗಲಿ ಅಂತ ಪಟ್ಟು ಹಿಡಿಯಿತು. ಗವರ್ನರ್ ಲಾರ್ಡ್ ಎರ್‌ಸ್ಕಿನ್, ಕೂರ್ಮಾ ವೆಂಕಟರೆಡ್ಡಿ ನಾಯ್ಡು ನೇತೃತ್ವದಲ್ಲಿ ಬಹುಮತವೇ ಇಲ್ಲದ ಮಧ್ಯಂತರ ಮಂತ್ರಿಮಂಡಲ ಮಾಡಿದರು. ವೈಸ್‌ರಾಯ್ ಲಿನ್‌ಲಿತ್‌ಗೋ ಸಮಾಧಾನದ ಮಾತಾಡಿದ ಮೇಲೆ, ಜುಲೈನಲ್ಲಿ ರಾಜಾಜಿ ಪ್ರಧಾನಿಯಾದರು. ಆಗ ಪ್ರಾಂತ್ಯದ ಮುಖ್ಯಸ್ಥರನ್ನು ಹಾಗೇ ಕರೀತಿದ್ರು. ಮಂಗಳೂರು, ಉಡುಪಿ, ಕಾಸರಗೋಡು, ಬಳ್ಳಾರಿ, ಕೊಳ್ಳೇಗಾಲದ ಕನ್ನಡಿಗರಿಗೂ ಅವರೇ ಪ್ರಧಾನಿ, ಯಾಕಂದ್ರೆ ಇವೆಲ್ಲ ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದವು.

ಎರಡು ವರ್ಷದ ಆ ಆಡಳಿತ ಬೆರಕೆ ಲೆಕ್ಕ. ಸೇಲಂನಲ್ಲಿ ಪಾನನಿಷೇಧ, ಹರಿಜನರ ದೇವಾಲಯ ಪ್ರವೇಶಕ್ಕೆ ಕಾನೂನಿನ ರಕ್ಷಣೆ ಒಂದು ಕಡೆ. ಶಾಲೆಗಳಲ್ಲಿ ಹಿಂದಿ ಕಡ್ಡಾಯ ಮಾಡಿ, ವಿರೋಧಿಸಿದವರನ್ನು ಜೈಲಿಗೆ ಹಾಕಿದ್ದು ಇನ್ನೊಂದು ಕಡೆ. 1939ರಲ್ಲಿ ವೈಸ್‌ರಾಯ್ ಯಾವ ಭಾರತೀಯ ಪ್ರತಿನಿಧಿಯನ್ನೂ ಕೇಳದೆ ಭಾರತವನ್ನು ಮಹಾಯುದ್ಧಕ್ಕೆ ಸೇರಿಸಿದಾಗ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ಕೊಟ್ಟವು. ಅಕ್ಟೋಬರ್ ಕೊನೆಗೆ ರಾಜಾಜಿ ಹೊರಬಂದರು, 93ನೇ ಸೆಕ್ಷನ್ ಒಳಗೆ ಬಂತು. ಚುನಾಯಿತ ಸರ್ಕಾರ ಇಲ್ಲದೆ ಗವರ್ನರ್ ನೇರವಾಗಿ ಆಳತೊಡಗಿದರು.

ಕುರ್ಚಿಯ ಮೇಲೆ

1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂತು, ಗಣರಾಜ್ಯ ಇನ್ನೂ ಬಂದಿರಲಿಲ್ಲ. ಈ ಎರಡರ ನಡುವಿನ 29 ತಿಂಗಳನ್ನು ನಾವು ಸಾಮಾನ್ಯವಾಗಿ ಮರೆತೇಬಿಡ್ತೀವಿ. ಆ ಅವಧಿಯಲ್ಲಿ ಭಾರತ ಒಂದು ಡೊಮಿನಿಯನ್, ಕೆನಡಾ ಆಸ್ಟ್ರೇಲಿಯಾಗಳ ಹಾಗೆ. ಆರನೇ ಜಾರ್ಜ್ ನಮಗೆ ದೊರೆಯಾಗಿಯೇ ಇದ್ದರು, ದೆಹಲಿಯಲ್ಲಿ ಅವರ ಪ್ರತಿನಿಧಿ ಗವರ್ನರ್ ಜನರಲ್. ಮೊದಲು ಮೌಂಟ್‌ಬ್ಯಾಟನ್, 1948ರ ಜೂನ್ 21ರಿಂದ ರಾಜಾಜಿ. ಅದಕ್ಕೂ ಮುಂಚೆ ಅವರು ಪಶ್ಚಿಮ ಬಂಗಾಳದ ಗವರ್ನರ್ ಆಗಿದ್ದರು. ಸುಭಾಷ್ ಚಂದ್ರ ಬೋಸರನ್ನು ವಿರೋಧಿಸಿದವರು ಅಂತ ಅಲ್ಲಿ ಕೆಲವರಿಗೆ ಅವರ ಮೇಲೆ ಸಿಟ್ಟಿತ್ತು.

ಇಲ್ಲಿ ಗಮನಿಸಬೇಕಾದದ್ದು ಹುದ್ದೆ ಒಳಗಿಂದ ಎಷ್ಟು ಬದಲಾಗಿತ್ತು ಅನ್ನೋದು. ವೈಸ್‌ರಾಯ್ ಲಂಡನ್ನಿನ ಸರ್ಕಾರದ ಏಜೆಂಟ್. ಅಲ್ಲಿಂದ ಆದೇಶ, ಇಲ್ಲಿ ಜಾರಿ. ಡೊಮಿನಿಯನ್ ಗವರ್ನರ್ ಜನರಲ್ ಹಾಗಲ್ಲ. ನೇಮಕದ ಕಾಗದದಲ್ಲಿ ದೊರೆಯ ಹೆಸರು ಇರುತ್ತೆ, ಆದರೆ ಯಾರನ್ನು ನೇಮಿಸಬೇಕು ಅಂತ ಹೇಳೋದು ಭಾರತದ ಮಂತ್ರಿಮಂಡಲ. ಕೆಲಸ ಮಾಡಬೇಕಾದ್ದೂ ಅದೇ ಮಂತ್ರಿಮಂಡಲದ ಸಲಹೆಯಂತೆ. ಗವರ್ನರುಗಳ ವಿವೇಚನಾಧಿಕಾರವನ್ನೂ, 93ನೇ ಸೆಕ್ಷನ್ನನ್ನೂ 1947ರಲ್ಲೇ ತೆಗೆದುಹಾಕಲಾಗಿತ್ತು.

ರಾಜಾಜಿ ಈ ಪಾತ್ರವನ್ನು ಅಳತೆ ಮೀರದೆ ನಿಭಾಯಿಸಿದರು. ವೈಸ್‌ರಾಯ್‌ಗಳ ಆ ಭಾರಿ ಅರಮನೆಯಲ್ಲಿ ದೊಡ್ಡ ಕೋಣೆಗಳನ್ನು ಬಿಟ್ಟು ಚಿಕ್ಕ ಭಾಗದಲ್ಲಿ ವಾಸ ಮಾಡಿದರು. ಮುಂದೆ ರಾಷ್ಟ್ರಪತಿಗಳು ವಾಸಕ್ಕೆ ಬಳಸಿದ್ದೂ ಅದೇ ಭಾಗವನ್ನು. ದೇಶದಲ್ಲಿ ಆಹಾರದ ಕೊರತೆ ಇದ್ದಾಗ ಅರಮನೆಯ ಜಾಗದಲ್ಲೇ ಗೋಧಿ ಬೆಳೆಸಿದರು. ಆದರೆ ನನಗೆ ಮುಖ್ಯ ಅನ್ನಿಸೋದು ಸರಳತೆ ಅಲ್ಲ, ಸಂಯಮ. ಹೈದರಾಬಾದಿಗೆ 1948ರ ಸೆಪ್ಟೆಂಬರಿನಲ್ಲಿ ಸೇನೆ ಕಳಿಸಿದ್ದು ಚುನಾಯಿತ ನಾಯಕರ ತೀರ್ಮಾನ. ನೆಹರೂ ಮತ್ತು ಪಟೇಲ್ ನಡುವೆ ಬಿಕ್ಕಟ್ಟು ಬಂದಾಗ ರಾಜಾಜಿ ಸೇತುವೆಯಾದರೇ ಹೊರತು ಮೂರನೇ ಅಧಿಕಾರ ಕೇಂದ್ರ ಆಗಲಿಲ್ಲ. ಅನುಭವದಲ್ಲಿ, ವಯಸ್ಸಿನಲ್ಲಿ, ಬುದ್ಧಿಯಲ್ಲಿ ಅವರು ಯಾರಿಗೂ ಕಮ್ಮಿ ಇರಲಿಲ್ಲ. ಮನಸ್ಸು ಮಾಡಿದ್ದರೆ ಆಟ ಆಡಬಹುದಿತ್ತು. ಆಡಲಿಲ್ಲ.

ಆಡಿದ್ದರೆ ಏನಾಗುತ್ತಿತ್ತು? ಪಕ್ಕದ ಪಾಕಿಸ್ತಾನ ನೋಡಿ. ಅದೇ ಕಾಯ್ದೆ, ಅದೇ ಹುದ್ದೆ. ಅಲ್ಲಿನ ಗವರ್ನರ್ ಜನರಲ್ ಗುಲಾಂ ಮೊಹಮ್ಮದ್ 1953ರಲ್ಲಿ ಪ್ರಧಾನಿ ನಾಜಿಮುದ್ದೀನ್ ಅವರನ್ನು ವಜಾ ಮಾಡಿದರು, 1954ರಲ್ಲಿ ಸಂವಿಧಾನ ಸಭೆಯನ್ನೇ ವಿಸರ್ಜಿಸಿದರು. ಹಳೇ ಪ್ರಜಾಪ್ರಭುತ್ವ ಅಂತ ಕರೆಸಿಕೊಳ್ಳೋ ಆಸ್ಟ್ರೇಲಿಯಾದಲ್ಲೂ 1975ರಲ್ಲಿ ಗವರ್ನರ್ ಜನರಲ್ ಜಾನ್ ಕರ್, ಚುನಾಯಿತ ಪ್ರಧಾನಿ ಗಫ್ ವಿಟ್ಲಮ್ ಅವರನ್ನು ಮನೆಗೆ ಕಳಿಸಿದರು. ಅಂದರೆ ಕುರ್ಚಿ ಸುರಕ್ಷಿತವಾಗಿರಲಿಲ್ಲ. ದೆಹಲಿಯಲ್ಲಿ ಅದರ ಮೇಲೆ ಕೂತ ಮನುಷ್ಯ ಸುರಕ್ಷಿತವಾಗಿದ್ದ, ಅಷ್ಟೇ.

1950ರ ಜನವರಿ 26ರಂದು ಭಾರತ ಗಣರಾಜ್ಯವಾಯಿತು ಅನ್ನೋ ಘೋಷಣೆಯನ್ನು ಓದಿದ್ದು ರಾಜಾಜಿಯೇ. ತನ್ನ ಹುದ್ದೆಯ ಮರಣಪತ್ರವನ್ನು ತಾನೇ ಓದಿ ಎದ್ದು ಹೋದರು. ರಾಜೇಂದ್ರ ಪ್ರಸಾದ್ ರಾಷ್ಟ್ರಪತಿಯಾದರು. ರಾಜಾಜಿಯೇ ಆ ಸ್ಥಾನಕ್ಕೆ ಬರಲಿ ಅಂತ ನೆಹರೂ ಬಯಸಿದ್ದರು, ಪಕ್ಷ ಒಪ್ಪಲಿಲ್ಲ.

ಸತ್ತದ್ದು ಯಾವುದು, ಉಳಿದದ್ದು ಯಾವುದು?

ದೆಹಲಿಯಲ್ಲಿ ದೊರೆಯ ಪ್ರತಿನಿಧಿ ಹೋದ. ರಾಜ್ಯಗಳಲ್ಲಿ ಗವರ್ನರ್ ಉಳಿದರು. ಇದು ತಾನಾಗೇ ಆದದ್ದಲ್ಲ. ರಾಜ್ಯಪಾಲರನ್ನು ಜನರೇ ನೇರವಾಗಿ ಆರಿಸಬೇಕು ಅನ್ನೋದು ಸಂವಿಧಾನ ಸಭೆಯ ಮೊದಲ ಯೋಚನೆಯಾಗಿತ್ತು. 1949ರ ಮೇ ಕೊನೆಯಲ್ಲಿ ಸಭೆ ಮನಸ್ಸು ಬದಲಿಸಿತು. ಓಟು ಪಡೆದ ರಾಜ್ಯಪಾಲ, ಓಟು ಪಡೆದ ಮುಖ್ಯಮಂತ್ರಿ ಇಬ್ಬರೂ ಇದ್ದರೆ ಜಗಳ ತಪ್ಪಲ್ಲ ಅನ್ನೋದು ಒಂದು ಕಾರಣ. ವಿಭಜನೆಯ ಗಾಯದ ನಂತರ ಕೇಂದ್ರದ ಹಿಡಿತ ಇರಲಿ ಅನ್ನೋ ಭಯ ಇನ್ನೊಂದು. ಹೀಗೆ ನೇಮಕಗೊಂಡ ರಾಜ್ಯಪಾಲರು ಬಂದರು. ಹಿಂದೆಯೇ, ತೆಗೆದುಹಾಕಿದ್ದ 93ನೇ ಸೆಕ್ಷನ್ ಹೊಸ ಅಂಗಿ ಹಾಕಿಕೊಂಡು 356ನೇ ವಿಧಿಯಾಗಿ ವಾಪಸ್ ಬಂತು.

ನಮ್ಮ ಹಗರೆ, ಬೇಲೂರು, ಅರಸೀಕೆರೆಗಳ ಮಟ್ಟಿಗೆ ಇದು ಇನ್ನೂ ವಿಚಿತ್ರ. ಇವು ಮೈಸೂರು ಸಂಸ್ಥಾನದ ಊರುಗಳು, ಬ್ರಿಟಿಷ್ ಗವರ್ನರ್ ಆಳ್ವಿಕೆಯನ್ನು ಕಂಡವಲ್ಲ. 1950ರಿಂದ ಜಯಚಾಮರಾಜ ಒಡೆಯರ್ ರಾಜಪ್ರಮುಖರು, 1956ರಿಂದ ಅವರೇ ರಾಜ್ಯಪಾಲರು. ಹೀಗಾಗಿ ನಮ್ಮ ಅಜ್ಜಂದಿರಿಗೆ ಮೊದಲ ರಾಜ್ಯಪಾಲರಾಗಿ ಸಿಕ್ಕವರು ಅವರ ಮಹಾರಾಜರೇ. ಆ ಗೌರವದ ನೆರಳಿನಲ್ಲಿ ಹುದ್ದೆಯ ಬಗ್ಗೆ ಯಾರೂ ಪ್ರಶ್ನೆ ಕೇಳಲಿಲ್ಲ.

ಕೃಪೆ ಪಡೆದ ದಿನ

ಈಗ ರಾಜಾಜಿಯ ಬದುಕಿನ ಕಹಿ ಅಧ್ಯಾಯ. 1952ರ ಮೊದಲ ಮಹಾಚುನಾವಣೆಯಲ್ಲಿ ಮದ್ರಾಸ್ ವಿಧಾನಸಭೆಯ 375 ಸ್ಥಾನಗಳಲ್ಲಿ ಕಾಂಗ್ರೆಸ್‌ಗೆ ಬಂದದ್ದು 152. ಟಿ. ಪ್ರಕಾಶಂ ನೇತೃತ್ವದ ವಿರೋಧಿ ಕೂಟ 166 ಶಾಸಕರ ಬೆಂಬಲ ತನಗಿದೆ ಅಂದಿತು. ಎರಡರಲ್ಲಿ ಯಾವುದಕ್ಕೂ ಬಹುಮತ ಇಲ್ಲ. ರಾಜ್ಯಪಾಲ ಶ್ರೀಪ್ರಕಾಶರು ಕರೆದದ್ದು ರಾಜಾಜಿಯನ್ನು. ಅವರು ಚುನಾವಣೆಗೆ ನಿಂತೇ ಇರಲಿಲ್ಲ. ರಾಜ್ಯಪಾಲರೇ ಅವರನ್ನು ವಿಧಾನ ಪರಿಷತ್ತಿಗೆ ನಾಮಕರಣ ಮಾಡಿ, ಏಪ್ರಿಲ್ 10ರಂದು ಮುಖ್ಯಮಂತ್ರಿ ಮಾಡಿದರು. ಕಮ್ಯುನಿಸ್ಟ್ ನಾಯಕ ಪಿ. ರಾಮಮೂರ್ತಿ ಹೈಕೋರ್ಟಿಗೆ ಹೋದರು, ಅರ್ಜಿ ಬಿದ್ದುಹೋಯಿತು. ಈ ಹಿಂಬಾಗಿಲು ನೆಹರೂ ಅವರಿಗೂ ಇಷ್ಟ ಆಗಿರಲಿಲ್ಲ.

ಜುಲೈನಲ್ಲಿ ರಾಜಾಜಿ ವಿಶ್ವಾಸಮತ ಗೆದ್ದರು, 200ಕ್ಕೆ 151. ಹಂಗಾದ್ರೆ ಬಹುಮತ ಇತ್ತಲ್ಲ ಅಂತ ನೀವು ಕೇಳಬಹುದು. ಹೌದು. ಆದರೆ ಆ ಬಹುಮತ ಕೂಡಿಬಂದದ್ದು ಅಧಿಕಾರ ಕೈಗೆ ಸಿಕ್ಕ ಮೇಲೆ, ಹಲವರು ಈ ಕಡೆ ವಾಲಿದ ಮೇಲೆ. ಮೊದಲು ಕುರ್ಚಿ, ಆಮೇಲೆ ಸಂಖ್ಯೆ. ಈ ಸೂತ್ರ ನಮಗೆ ಎಲ್ಲೋ ಕೇಳಿದಂತಿದೆ ಅಲ್ವಾ?

ಜನರ ಓಟು ಪಡೆಯದ ಮುಖ್ಯಮಂತ್ರಿಯ ದೌರ್ಬಲ್ಯವೂ ಬೇಗ ಕಾಣಿಸಿತು. 1953ರಲ್ಲಿ ಶಾಲಾ ಅವಧಿ ಕಡಿಮೆ ಮಾಡಿ, ಉಳಿದ ಹೊತ್ತು ಮಕ್ಕಳು ಮನೆಕಸುಬು ಕಲಿಯಲಿ ಅನ್ನೋ ಯೋಜನೆ ತಂದರು. ಕ್ಷೌರಿಕನ ಮಗ ಕ್ಷೌರಿಕನೇ ಆಗಬೇಕಾ ಅನ್ನೋ ಪ್ರಶ್ನೆ ಎದ್ದಿತು. ಪೆರಿಯಾರ್ ಮತ್ತು ಡಿಎಂಕೆ ಇದನ್ನು ಕುಲಕಸುಬಿನ ಶಿಕ್ಷಣ ಅಂತ ಕರೆದು ಬೀದಿಗಿಳಿದರು, ಕಾಂಗ್ರೆಸ್ಸಿನ ಒಳಗೂ ಬೆಂಬಲ ಕರಗಿತು. 1954ರಲ್ಲಿ ರಾಜಾಜಿ ಇಳಿದರು, ಕಾಮರಾಜ್ ಬಂದರು, ಯೋಜನೆ ರದ್ದಾಯಿತು. ಆಮೇಲೆ ಸ್ವತಂತ್ರ ಪಕ್ಷ ಕಟ್ಟಿದ್ದು, ತಾವೇ ಒಮ್ಮೆ ಹೇರಿದ್ದ ಹಿಂದಿಯನ್ನು ವಿರೋಧಿಸಿದ್ದು, ಡಿಎಂಕೆ ಜೊತೆ ಸೇರಿ 1967ರಲ್ಲಿ ಕಾಂಗ್ರೆಸ್ಸನ್ನು ಸೋಲಿಸಿದ್ದು ಬೇರೆಯೇ ಕತೆ. 1972ರ ಡಿಸೆಂಬರ್ 25ರಂದು, 94ನೇ ವಯಸ್ಸಿನಲ್ಲಿ ತೀರಿಕೊಂಡರು.

ಒಳ್ಳೆಯವರನ್ನು ಕಾಯುತ್ತಾ ಕೂರಬೇಕಾ?

ರಾಜಾಜಿಯನ್ನು ಇಲ್ಲಿ ಕಟಕಟೆಗೆ ಎಳೀತಿಲ್ಲ. ಒಂದೇ ಬದುಕಿನಲ್ಲಿ ಗವರ್ನರ್ ವಿರುದ್ಧ ಪಟ್ಟು ಹಿಡಿದವರು, ಗವರ್ನರ್ ಜನರಲ್ ಆಗಿ ಮಾದರಿಯಾದವರು, ರಾಜ್ಯಪಾಲರ ವಿವೇಚನೆಯ ಫಲಾನುಭವಿಯಾದವರು ಒಬ್ಬರೇ ಅನ್ನೋದು ನಮಗೊಂದು ಪಾಠ. ಇಷ್ಟು ಮೇಧಾವಿಯೇ ಜಾರಿದ್ದಾರೆ ಅಂದರೆ, ದೋಷ ಬರೀ ವ್ಯಕ್ತಿಯದ್ದಲ್ಲ.

1989ರ ಏಪ್ರಿಲಿನಲ್ಲಿ ಕರ್ನಾಟಕದಲ್ಲಿ ಎಸ್.ಆರ್. ಬೊಮ್ಮಾಯಿ ಸದನದಲ್ಲೇ ಬಲ ತೋರಿಸ್ತೀನಿ ಅಂದರೂ ರಾಜ್ಯಪಾಲ ವೆಂಕಟಸುಬ್ಬಯ್ಯ ಕಾಯಲಿಲ್ಲ, ವರದಿ ಕಳಿಸಿದರು, ಸರ್ಕಾರ ಹೋಯಿತು. ಆಗ ಕೇಂದ್ರದಲ್ಲಿದ್ದದ್ದು ಕಾಂಗ್ರೆಸ್. 1994ರಲ್ಲಿ ಸುಪ್ರೀಂ ಕೋರ್ಟ್ ಬಹುಮತ ಅಳೆಯುವ ಜಾಗ ರಾಜಭವನ ಅಲ್ಲ, ಸದನ ಅಂತ ತೀರ್ಪು ಕೊಟ್ಟಿತು. 2018ರಲ್ಲಿ ಕೇಂದ್ರದಲ್ಲಿ ಬಿಜೆಪಿ ಇತ್ತು. ಬಲ ತೋರಿಸಲು ರಾಜ್ಯಪಾಲರು ಕೊಟ್ಟ 15 ದಿನವನ್ನು ಕೋರ್ಟ್ ಕಡಿತ ಮಾಡಿತು. ಪ್ರಮಾಣವಚನ ಸ್ವೀಕರಿಸಿದ ಮೂರನೇ ದಿನ, ಮೇ 19ರಂದು ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಪಕ್ಷ ಬದಲಾಗುತ್ತೆ, ಕುರ್ಚಿಯ ಚಾಳಿ ಬದಲಾಗಲ್ಲ.

ನಮ್ಮ ರಾಜ್ಯಪಾಲರು ಇವತ್ತಿಗೂ ವಾಸವಾಗಿರುವುದು ಮೈಸೂರನ್ನು ಆಳಲು ಬ್ರಿಟಿಷರು ನೇಮಿಸಿದ್ದ ಕಮಿಷನರ್ ಮಾರ್ಕ್ ಕಬ್ಬನ್ ಕಟ್ಟಿಸಿದ ಬಂಗಲೆಯಲ್ಲಿ. ಕಟ್ಟಡ ಹಳೇದಾದರೆ ತೊಂದರೆ ಇಲ್ಲ, ಸುಣ್ಣ ಬಳಿದರಾಯಿತು. ಹುದ್ದೆಯ ಒಳಗಿನ ಹಳೇ ಅಧಿಕಾರಕ್ಕೆ ಸುಣ್ಣ ಸಾಲದು. ಯಾರನ್ನು ಮೊದಲು ಕರೆಯಬೇಕು, ಎಷ್ಟು ದಿನದೊಳಗೆ ಬಹುಮತ ಸಾಬೀತಾಗಬೇಕು, ಮಸೂದೆಯನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು ಅನ್ನೋದು ಸಂವಿಧಾನದಲ್ಲೇ ಕಪ್ಪು ಬಿಳುಪಿನಲ್ಲಿ ಬರಬೇಕು. ಇದನ್ನು ಪ್ರತಿ ಪಕ್ಷವೂ ವಿರೋಧದಲ್ಲಿದ್ದಾಗ ಕೇಳುತ್ತೆ, ದೆಹಲಿಗೆ ಹೋದಮೇಲೆ ಮರೆಯುತ್ತೆ. ಮರೆಯದ ಹಾಗೆ ನೆನಪಿಸಬೇಕಾದವರು ಓಟು ಹಾಕುವ ನಾವು.

ಹಗರೆಯ ಆ ಹಿರಿಯರ ಪ್ರಶ್ನೆಗೆ ಈಗ ನನ್ನ ಹತ್ತಿರ ಉತ್ತರ ಇದೆ. ರಾಜ್ಯಪಾಲರು ಕೂತಿರೋದು ಒಬ್ಬ ದೊರೆ ಬಿಟ್ಟುಹೋದ ಜಾಗದಲ್ಲಿ. ಆ ಜಾಗ ನಮ್ಮದು ಅಂತ ಬರೆಸಿಕೊಳ್ಳೋ ಕೆಲಸ ಇನ್ನೂ ಬಾಕಿ ಇದೆ.